ಮೂರನೇ ದಿನ ಅತ್ತೆ ಬರ್ತಾರೆ

ಮಂಗಳವಾರ, ಫೆಬ್ರವರಿ 18

ಅತ್ತೆ ಜೊತೆ ಜಗಳ ಅಂತ ಶುರುವಾಗಿದ್ದು ಒಪ್ಪಂದದಲ್ಲಿ ಮುಗೀತು. ಬರೆದಿಟ್ಟುಕೊಳ್ಳೋದು ಒಳ್ಳೇದು. ಇಲ್ಲದಿದ್ರೆ ನಾಳೆ ಬೆಳಗ್ಗೆ "ನಾನು ಹಾಗೆ ಅಂದೇ ಇಲ್ಲ" ಅಂತಾರೆ. ಆ ವಿಷಯದಲ್ಲಿ ನಮ್ಮ ಕಮಾಂಡಿಂಗ್ ಆಫೀಸರಿಗಿಂತ ಅವರದ್ದು ಒಂದು ಕೈ ಮೇಲು.

ನಾದಿನಿ ಫೋನ್ ಮಾಡಿದ್ಲು. ಹೊಟ್ಟೇಲಿ ಅವಳಿ, ಹಾಸಿಗೆ ಬಿಟ್ಟು ಏಳಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಗಂಡ ಹಡಗಿನ ಮೇಲಿದ್ದಾನೆ. ಅಮ್ಮ ಬರಲಿ ಅಂತ ದಿನಾ ಅಳ್ತಾಳೆ. ಇಲ್ಲಿ ಅತ್ತೆ ಫೋನ್ ಇಟ್ಟು, ಒಲೆ ಕಡೆ ತಿರುಗಿ, ಟವೆಲ್‌ನಲ್ಲಿ ಕಣ್ಣು ಒರೆಸ್ಕೋತಾರೆ. ನನಗೆ ಅದನ್ನ ನೋಡೋಕಾಗಲ್ಲ.

"ಹೋಗಿ ಅತ್ತೆ. ನಾನು ಚೆನ್ನಾಗಿದ್ದೀನಿ" ಅಂದೆ.

"ಚೆನ್ನಾಗಿದ್ದೀನಿ ಅಂತ ಹೋದ ತಿಂಗಳೂ ಅಂದಿದ್ದೆ. ಅಂದು ಅರ್ಧ ಗಂಟೇಲಿ ಬಚ್ಚಲಲ್ಲಿ ಬಿದ್ದಿದ್ದೆ. ಬಿದ್ದು ಒಂದು ಸದ್ದಾದ್ರೂ ಮಾಡಿದ್ಯಾ? ನೀರು ಇಷ್ಟು ಹೊತ್ತು ಸುರೀತಿದೆಯಲ್ಲ ಅಂತ ನಾನೇ ಬಾಗಿಲು ನೂಕಬೇಕಾಯ್ತು."

ಇಪ್ಪತ್ತು ವರ್ಷ ಸೇನೆಯ ಟ್ರಕ್ಕುಗಳ ಕೆಳಗೆ ಮಲಗಿ ರಿಪೇರಿ ಮಾಡಿದವಳು ನಾನು. ಹೋದ ವರ್ಷ ಒಂದು ದಿನ ಜಾಕ್ ಜಾರಿ, ಟ್ರಕ್ಕೇ ನನ್ನ ಮೇಲೆ ಮಲಗಿತು. ಸೊಂಟದ ಮೂಳೆ ಮುರೀತು. ಎಡಗಾಲು ಒಂದು ಬೆರಳು ಗಿಡ್ಡ ಆಯ್ತು. ತಿಂಗಳುಗಟ್ಟಲೆ ಅತ್ತೆ ನನ್ನ ಮೈ ಒರೆಸಿದ್ರು, ಮಗ್ಗುಲು ತಿರುಗಿಸಿದ್ರು, ಹೇಳೋಕೆ ನಾಚಿಕೆ ಆಗೋ ಕೆಲಸ ಎಲ್ಲ ಮಾಡಿದ್ರು. ಹೆತ್ತ ತಾಯಿನೂ ಒಂದೊಂದು ದಿನ ಬೇಜಾರಾಗ್ತಿದ್ಲೇನೋ. ಒಂದು ಸಲ ಥ್ಯಾಂಕ್ಸ್ ಅಂದಿದ್ದಕ್ಕೆ "ನಿನ್ನ ಥ್ಯಾಂಕ್ಸ್ ತಗೊಂಡು ಉಪ್ಪಿನಕಾಯಿ ಹಾಕ್ಲಾ?" ಅಂದ್ರು. ಆಮೇಲೆ ನಾನು ಆ ಮಾತೇ ಎತ್ತಿಲ್ಲ. ಆದರೆ ಋಣ ಅನ್ನೋದು ಎದೆ ಮೇಲೆ ಕೂತಿದೆ. ಟ್ರಕ್ಕಾದ್ರೂ ಕ್ರೇನ್ ಹಾಕಿದ್ರೆ ಎದ್ದಿತು.

ಒಪ್ಪಂದ ಏನಪ್ಪಾ ಅಂದ್ರೆ: ಮುಂದಿನ ತಿಂಗಳು ಸೇನೆಯ ಹೆಂಗಸರ ಗಾಲ್ಫ್ ಪಂದ್ಯ ಇದೆ, ಮೂರು ದಿನ. ನನ್ನ ಹೆಸರು ಕೊಟ್ಟಿದ್ದೀನಿ. ಮೊದಲೆರಡು ದಿನ ಎಲ್ಲರೂ ಆಡ್ತಾರೆ. ಮೇಲಿನ ಅರ್ಧ ಜನಕ್ಕೆ ಮಾತ್ರ ಮೂರನೇ ದಿನ. ಮನೆಯವರನ್ನ ಒಳಗೆ ಬಿಡೋದೂ ಅವತ್ತೇ. ಅತ್ತೆ ಅಂದ್ರು: "ಮೂರನೇ ದಿನ ನಾನು ಬರ್ತೀನಿ. ಆ ಮೈದಾನ ಪೂರ್ತಿ ನೀನು ನಡೆಯೋದನ್ನ ಕಣ್ಣಾರೆ ನೋಡ್ತೀನಿ. ಆಮೇಲೆ ಟಿಕೆಟ್ ಮಾಡ್ಸು, ಮಗಳ ಹತ್ರ ಹೋಗ್ತೀನಿ. ಅವತ್ತು ನೀನೂ ನನ್ನ ಪಕ್ಕ ಕುರ್ಚೀಲಿ ಕೂತಿದ್ರೆ ಟಿಕೆಟ್ ಮಾತು ಎತ್ತಬೇಡ."

ಸರಿ ಅಂದೆ. ಹೆಂಗಸು ಹಟಕ್ಕೆ ಬಿದ್ರೆ ಹೇಗಿರುತ್ತೆ ಅಂತ ಅವರಿಗೆ ನಾನು ತೋರಿಸ್ತೀನೋ, ನನಗೆ ಅವರು ತೋರಿಸ್ತಾರೋ, ನೋಡೋಣ.

ಗುರುವಾರ, ಫೆಬ್ರವರಿ 27

ಇವರು ಇವತ್ತು ಅಂಗಡಿಯಿಂದ ನನ್ನ ಗಾಲ್ಫ್ ಶೂ ತಂದ್ರು. ಎಡಗಾಲಿನ ಅಟ್ಟೆ ಬಿಚ್ಚಿ, ಒಂದು ಬೆರಳು ಎತ್ತರ ಮಾಡಿ, ಮತ್ತೆ ಹೊಲಿದಿದ್ದಾರೆ. ಊರಿನವರ ಚಪ್ಪಲಿ, ಬೂಟು ಹೊಲಿಯೋ ಮನುಷ್ಯ. ಹೆಂಡತಿ ಶೂಗೆ ನಾಲ್ಕು ಸಲ ಹೊಲಿಗೆ ಬಿಚ್ಚಿ ಹಾಕಿದ್ರಂತೆ. ಹಾಗಂತ ಅವರು ಹೇಳಲಿಲ್ಲ, ಪಕ್ಕದ ಅಂಗಡಿಯವನು ಹೇಳಿದ. ಇವರು "ನಡೆದು ನೋಡು" ಅಂದ್ರು ಅಷ್ಟೆ. ನಡೆದೆ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ. ನೆಲ ಸಮ ಆಗಿದೆ. ವರ್ಷದ ಮೇಲೆ ಮೊದಲ ಸಲ ಮನೆಯ ನೆಲ ಸಮ ಇದೆ ಅನಿಸ್ತು.

ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚೋಕೆ ಹೋದೆ.

ಮಗಳು ಕೇಳಿದ್ಲು: "ಅಮ್ಮಾ, ನೀನು ಗೆಲ್ತೀಯಾ?" "ಇಲ್ಲ." "ಮತ್ತೆ ಯಾಕೆ ಹೋಗ್ತೀಯಾ?" "ಅಜ್ಜಿಗೆ ತೋರ್ಸೋಕೆ." "ಅಜ್ಜಿಗೆ ಚೆಂಡೇ ಕಾಣಲ್ಲ, ಕನ್ನಡಕ ಹಾಕಿದ್ರೂ ಸೂಜಿಗೆ ದಾರ ನನ್ನ ಕೈಲೇ ಹಾಕಿಸ್ತಾರೆ." ಹನ್ನೊಂದು ವರ್ಷದವಳ ಹತ್ರ ವಾದ ಮಾಡಿ ಗೆದ್ದವರಿಲ್ಲ.

ಗುರುವಾರ, ಮಾರ್ಚ್ 6

ಪಂದ್ಯದ ಜಾಗಕ್ಕೆ ಬಂದು ಸೇರಿದೆ. ಬಸ್ಸಿನಿಂದ ಇಳಿಯುವಾಗ ಒಬ್ಬ ಡ್ರೈವರ್ ಬ್ಯಾಗಿಗೆ ಕೈ ಹಾಕಿದ. "ಬೇಡಪ್ಪಾ, ನಾನೇ ತಗೋತೀನಿ" ಅಂದೆ. ಸ್ವಲ್ಪ ಜೋರಾಗೇ ಅಂದೆ ಅನ್ಸುತ್ತೆ, ಪಾಪ, ಹಿಂದೆ ಸರಿದ.

ಉಳಿದುಕೊಳ್ಳೋಕೆ ಬ್ಯಾರಕ್ಕು. ಕಬ್ಬಿಣದ ಮಂಚ, ಬೂದು ಕಂಬಳಿ, ಕಿಟಕಿಯಿಂದ ನೋಡಿದ್ರೆ ಮೊದಲನೇ ಹೋಲ್‌ನ ಬಾವುಟ. ಪಕ್ಕದ ಮಂಚದಲ್ಲಿ ವಾಯುಪಡೆಯ ಅಡುಗೆಯವಳು. ಬಂದ ತಕ್ಷಣ ನನಗೆ ಎರಡು ಬೇಯಿಸಿದ ಮೊಟ್ಟೆ ಕೊಟ್ಲು, ಆಮೇಲೆ ಹೆಸರು ಕೇಳಿದ್ಲು. ಇಂಥವರಿಂದಲೇ ಪ್ರಪಂಚ ನಿಂತಿರೋದು.

ಜೋಡಿಗಳ ಪಟ್ಟಿ ಹಾಕಿದ್ರು. ಎರಡು ಸಲ ಓದಿದೆ. ನನ್ನ ಜೋಡಿ ಒಬ್ಬರು ಬ್ರಿಗೇಡಿಯರ್! ನಾನು ಸಾರ್ಜೆಂಟ್. ಇಷ್ಟು ವರ್ಷದಲ್ಲಿ ಬ್ರಿಗೇಡಿಯರ್ ಒಬ್ಬರ ಹತ್ರ ನಾನು ಆಡಿರೋ ಮಾತು ಒಂದೇ, "ಎಸ್ ಮೇಡಂ". ಎರಡು ದಿನ ಪೂರ್ತಿ ಅವರ ಜೊತೆ ನಡೀಬೇಕಂತೆ. ಏನು ಮಾತಾಡೋದು? ಗೇರ್ ಬಾಕ್ಸ್ ವಿಷಯ ಮಾತಾಡ್ಲಾ?

ಆಟ ಅಂದ್ರೆ ಎಷ್ಟು ಸುಲಭ ಅಂತ ಅತ್ತೆ ಹೇಳೋದು ನೆನಪಾಯ್ತು: "ಬೇಡ ಅಂತ ಹೊಡೆಯೋದು, ಬೇಕು ಅಂತ ಹುಡುಕ್ಕೊಂಡು ಹೋಗೋದು." ಹದಿನೆಂಟು ಸಲ, ಅಂದ್ರೆ ಹದಿನೆಂಟು ಹೋಲ್, ಇದನ್ನೇ ಮಾಡ್ಬೇಕು. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಕುಳಿಗೆ ಬೀಳುತ್ತೋ ಅಷ್ಟು ಒಳ್ಳೇದು. ಇಷ್ಟಕ್ಕೇ ಜನ ಹುಚ್ಚರಾಗಿದ್ದಾರೆ, ನಾನೂ ಸೇರಿ. ಕ್ಯಾಂಪಿನಲ್ಲಿ ಹುಲ್ಲು ಕತ್ತರಿಸೋ ಯಂತ್ರ ರಿಪೇರಿಗೆ ಅಂತ ಮೈದಾನಕ್ಕೆ ಹೋದವಳು ಕೋಲು ಹಿಡಿದು ವಾಪಸ್ ಬಂದೆ.

ಶುಕ್ರವಾರ, ಮಾರ್ಚ್ 7

ಮೊದಲ ದಿನ ಮುಗೀತು. ಪಟ್ಟಿಯ ನಡುಮಧ್ಯ ಇದ್ದೀನಿ. ಮೂರನೇ ದಿನಕ್ಕೆ ಯಾರು ಅಂತ ಎಳೆಯೋ ಗೆರೆ ಸರಿಯಾಗಿ ನನ್ನ ತಲೆ ಮೇಲೋ ಕಾಲ ಕೆಳಗೋ ಹಾದುಹೋಗುತ್ತೆ.

ಬ್ರಿಗೇಡಿಯರ್ ಮೇಡಂ ಸಿಗ್ನಲ್ಸ್‌ನವರು, ಅಂದ್ರೆ ಸೇನೆಯ ವೈರ್‌ಲೆಸ್ ವಿಭಾಗ, ಇನ್ನೇನು ರಿಟೈರ್ ಆಗ್ತಾರೆ. ಸಣ್ಣ ಆಕಾರ, ಗುಂಗುರು ಬಿಳಿ ಕೂದಲು, ನಡೆಯುವಾಗ ಗುನುಗ್ತಾ ಇರ್ತಾರೆ, ರಾಗ ಒಂದೂ ಸರಿಯಾಗಿಲ್ಲ. ಮೂರನೇ ಹೋಲ್‌ನಲ್ಲಿ "ನಿಮ್ಮ ಬ್ಯಾಗ್ ನನ್ನ ತಳ್ಳುಗಾಡಿ ಮೇಲೆ ಇಡಿ ಸಾರ್ಜೆಂಟ್, ಜಾಗ ಇದೆ" ಅಂದ್ರು. "ಬೇಡ ಮೇಡಂ, ಅಭ್ಯಾಸ ಇದೆ." ಎಂಟನೇದರಲ್ಲಿ ಇನ್ನೊಂದು ಸಲ ಕೇಳಿದ್ರು. ಮತ್ತೆ ಬೇಡ ಅಂದೆ. ಆಮೇಲೆ ಕೇಳಲಿಲ್ಲ.

ಹದಿನಾಲ್ಕರ ಏರಿನಲ್ಲಿ ಸೊಂಟ ಕೂಗಿಕೊಂಡಿತು. ಹಲ್ಲು ಕಚ್ಚಿ ನಡೆದೆ. ಕೊನೆಯ ಹೋಲ್ ಹೊತ್ತಿಗೆ ಎಡಗಾಲನ್ನ ಬೇರೆ ಯಾರದ್ದೋ ಸಾಮಾನು ಸಾಗಿಸಿದ ಹಾಗೆ ಸಾಗಿಸ್ತಿದ್ದೆ. ಪರವಾಗಿಲ್ಲ. ಹದಿನೆಂಟೂ ನಡೆದೆ. ಹೋದ ವರ್ಷ ಇದೇ ತಿಂಗಳಲ್ಲಿ ನನಗೆ ಮಗ್ಗುಲು ತಿರುಗೋಕೂ ಆಗ್ತಿರಲಿಲ್ಲ. ಇವತ್ತು ಬೆಳಗಿನ ಇಬ್ಬನಿ ಶೂ ಮೇಲೆ ಬಿದ್ದು ಅದು ಮಿಂಚ್ತಿತ್ತು, ನಾನು ಅದನ್ನ ನಿಂತುಕೊಂಡು ನೋಡಿದೆ. ನಿಂತುಕೊಂಡು! ಇದಕ್ಕಿಂತ ಇನ್ನೇನು ಬೇಕು? ಬೇಕು. ಮೂರನೇ ದಿನ ಬೇಕು.

ರೆಫರಿ ಒಂದು ಸಲ ಗಾಡೀಲಿ ಬಂದು, ನಮ್ಮ ಜೋಡಿ ನಿಧಾನ ಆಯ್ತು ಅಂತ ಹೇಳಿ ಹೋದ್ರು. ನಿಧಾನ ಆಗಿದ್ದು ಯಾರಿಂದ ಅಂತ ಎಲ್ಲರಿಗೂ ಗೊತ್ತು. ಮೇಡಂ "ನನ್ನ ವಯಸ್ಸು ನೋಡಿ ಸ್ವಾಮಿ" ಅಂತ ಅದನ್ನ ತಮ್ಮ ಮೇಲೆ ಹಾಕ್ಕೊಂಡ್ರು. ದೊಡ್ಡವರು ದೊಡ್ಡವರೇ.

ಶನಿವಾರ, ಮಾರ್ಚ್ 8, ಸಂಜೆ

ಆಗಿದ್ದನ್ನ ಕ್ರಮವಾಗಿ ಬರೀತೀನಿ, ಇಲ್ಲದಿದ್ರೆ ತಲೆ ಸರಿಹೋಗಲ್ಲ.

ಬೆಳಗ್ಗೆಯಿಂದ ಚೆನ್ನಾಗೇ ಆಡ್ತಿದ್ದೆ. ಹದಿಮೂರನೇ ಹೋಲ್‌ವರೆಗೆ ನಿನ್ನೆಗಿಂತ ಎರಡು ಹೊಡೆತ ಕಡಿಮೆ. ಅಲ್ಲಿ ಮತ್ತೆ ರೆಫರಿ ಬಂದ್ರು. ನಿಧಾನ ಆಯ್ತು, ಇನ್ನೊಂದು ಸಲ ಹೇಳಬೇಕಾದ್ರೆ ದಂಡ ಹಾಕ್ತೀನಿ ಅಂದು ಹೋದ್ರು. ಹಿಂದಿನ ಜೋಡಿ ಸೊಂಟದ ಮೇಲೆ ಕೈ ಇಟ್ಟು ಕಾಯ್ತಿದೆ. ನಾವು ಗ್ರೀನ್ ಮೇಲಿದ್ದೀವಿ, ಅಂದ್ರೆ ಕುಳಿಯ ಸುತ್ತ ಚಾಪೆ ಹಾಸಿದ ಹಾಗಿರೋ ಆ ನುಣುಪು ಹುಲ್ಲಿನ ಮೇಲೆ. ನನ್ನ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಕಣ್ಣು ಮುಚ್ಚಿ ತಳ್ಳಿದ್ರೂ ಬೀಳೋ ಚೆಂಡು. ಮೇಡಂ ತಮ್ಮ ಚೆಂಡು ಕುಳಿಗೆ ಹಾಕಿ, ಬಾವುಟ ನೆಟ್ಟು ಅಂದ್ರು:

"ಸಾರ್ಜೆಂಟ್, ಅದನ್ನ ಎತ್ಕೊಳ್ಳಿ. ಹೊರಡೋಣ."

"ಎಸ್ ಮೇಡಂ."

ಬಗ್ಗಿದೆ, ಎತ್ತಿದೆ, ಜೇಬಿಗೆ ಹಾಕ್ಕೊಂಡೆ, ನಡೆದೆ. ಯೋಚನೆ ಅನ್ನೋದು ಬಂದೇ ಇಲ್ಲ. ಇಪ್ಪತ್ತು ವರ್ಷ ದೊಡ್ಡವರು ಹೇಳಿದ ತಕ್ಷಣ ಕೈ ಆಡಿಸಿ ಅಭ್ಯಾಸ ಆದವರಿಗೆ ಮಾತ್ರ ಆಗೋ ತಪ್ಪು ಇದು. ಊರಿನ ಬೇರೆ ಯಾರೇ ಆಗಿದ್ರೂ "ಇರಿ, ಇದೊಂದು ತಳ್ಳಿಬಿಡ್ತೀನಿ" ಅಂತಿದ್ರು.

ಮುಂದಿನ ಹೋಲ್‌ಗೆ ಹೋದ್ವಿ. ಮೇಡಂ ಹೊಡೆದ್ರು. ನಾನು ಚೆಂಡಿಟ್ಟು, ಕೋಲು ಹಿಡಿದು ನಿಂತು, ಹಿಂದಿನ ಹೋಲ್‌ನಲ್ಲಿ ಎಷ್ಟಾಯ್ತು ಅಂತ ಮನಸಲ್ಲೇ ಲೆಕ್ಕ ಹಾಕಿದೆ. ಒಂದು, ಎರಡು, ಮರಳಿನ ಗುಂಡಿಯಿಂದ ಮೂರು, ನಾಲ್ಕಕ್ಕೆ ಗೇಣು ದೂರ ನಿಂತಿತು. ಐದು... ಐದನೇದು ಎಲ್ಲಿ? ಐದನೇದು ನಾನು ಹೊಡೆದೇ ಇಲ್ಲ!

ಆಫೀಸರುಗಳ ಭಾನುವಾರದ ಆಟದಲ್ಲಿ ಎದುರಾಳಿ "ಅದು ಬಿಡಿ, ಬಿತ್ತು ಅಂದ್ಕೊಳ್ಳೋಣ" ಅಂದ್ರೆ ನಡೆಯುತ್ತೆ. ಇಲ್ಲಿ ಒಂದೊಂದು ಹೊಡೆತಾನೂ ಎಣಿಸೋ ಪಂದ್ಯ. ಚೆಂಡು ಕುಳಿಗೆ ಬೀಳಲೇಬೇಕು. ಬೀಳಿಸದೆ ಮುಂದಿನ ಹೋಲ್‌ನಲ್ಲಿ ಒಂದು ಹೊಡೆತ ಹೊಡೆದ್ರೂ ಪಂದ್ಯದಿಂದಲೇ ಹೊರಗೆ. ನನ್ನ ಕೋಲು ಚೆಂಡಿನ ಹಿಂದೆ ಇತ್ತು. ಇನ್ನೊಂದು ಉಸಿರಿಗೆ ಹೊಡೆದುಬಿಡ್ತಿದ್ದೆ.

ಹಿಂದೆ ಸರಿದೆ. ಈಗ ಹೇಳ್ಬೇಕು. ಬಾಯಿ ಬರಲಿಲ್ಲ. ದೇವರಾಣೆ, ಬಾಯಿಗೆ ಬೀಗ ಹಾಕಿದ ಹಾಗಾಯ್ತು. ನಿಮ್ಮ ಮಾತು ತಪ್ಪು ಅಂತ ಒಬ್ಬ ಬ್ರಿಗೇಡಿಯರಿಗೆ ಹೇಗೆ ಹೇಳೋದು? ವರ್ಕ್‌ಶಾಪಿನಲ್ಲಿ ಜಾಕ್ ಜಾರಿದ ದಿನ "ಬೇಗ ಬೇಗ" ಅಂದವರಿಗೂ ನಾನು "ಇರಿ, ಟ್ರಕ್ಕಿಗೆ ಸ್ಟ್ಯಾಂಡ್ ಕೊಡ್ತೀನಿ" ಅನ್ನಲಿಲ್ಲ. ಎಸ್ ಸಾರ್ ಅಂತ ಕೆಳಗೆ ನುಗ್ಗಿದೆ. ಕುರ್ಚೀಲಿ ಕೂತ ಅತ್ತೆ ಕಣ್ಣ ಮುಂದೆ ಬಂದ್ರು, ಅವರ ಪಕ್ಕದಲ್ಲಿ ಇನ್ನೊಂದು ಕುರ್ಚಿ.

"ಮೇಡಂ, ನಾನು ವಾಪಸ್ ಹೋಗ್ಬೇಕು."

"ಏನು ಬಿಟ್ಟು ಬಂದ್ರಿ?"

"ಒಂದು ಹೊಡೆತ ಬಿಟ್ಟು ಬಂದೆ ಮೇಡಂ. ನೀವು ಎತ್ಕೊಳ್ಳಿ ಅಂದ್ರಿ. ಎತ್ತಬಾರದಿತ್ತು. ನೀವು ಹೇಳಬಾರದಿತ್ತು, ನಾನು ಕೇಳಬಾರದಿತ್ತು."

ಕೊನೆಯ ವಾಕ್ಯ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮೇಡಂ ಮುಖ ಮೊದಲು ಕೆಂಪಾಯ್ತು, ಆಮೇಲೆ ಬಿಳುಚಿತು. ಕೈ ಎತ್ತಿ ರೆಫರಿನ ಕರೆದ್ರು. ಗಾಡಿ ಬರುವಷ್ಟರಲ್ಲಿ ಹಿಂದಿನ ಜೋಡಿಯ ಚೆಂಡುಗಳು ಗ್ರೀನ್ ಮೇಲೆ ಬಂದು ಕೂತಿದ್ವು. ಮೇಡಂ ರೆಫರಿಗೆ ಸ್ಪಷ್ಟವಾಗಿ ಹೇಳಿದ್ರು: "ನಾನು ಹೇಳಿದೆ, ಇವರು ಪಾಲಿಸಿದ್ರು. ತಪ್ಪು ನನ್ನದು." ರೆಫರಿ ತಲೆ ಕೆರ್ಕೊಂಡ್ರು. ತಪ್ಪು ಯಾರದ್ದಾದ್ರೂ ಎತ್ತಿದ ಕೈ ನನ್ನದು. ಒಂದು ಹೊಡೆತ ದಂಡ, ಇದ್ದ ಜಾಗದಲ್ಲೇ ಚೆಂಡಿಟ್ಟು ಮುಗಿಸಿ ಬನ್ನಿ ಅಂದ್ರು. ಇನ್ನೂ ಹೊಡೆಯದೆ ಇದ್ದದ್ದು ನಿಮ್ಮ ಪುಣ್ಯ ಅಂತನೂ ಅಂದ್ರು.

ವಾಪಸ್ ನಡೆದು, ಎಲ್ಲರ ಕಣ್ಣೆದುರು, ಗೇಣು ದೂರದಲ್ಲಿ ಚೆಂಡಿಟ್ಟೆ. ಆ ಗೇಣು ಮೈಲಿ ಆಗಿ ಕಂಡಿತು. ತಳ್ಳಿದೆ. ಕುಳಿಯ ಅಂಚಿಗೆ ಹೋಗಿ ಒಂದು ಕ್ಷಣ ಯೋಚನೆ ಮಾಡಿ ಬಿತ್ತು. ಹೋದ ಜೀವ ಬಂದ ಹಾಗಾಯ್ತು.

ಅಲ್ಲಿಂದ ಮುಂದೆ ಮೇಡಂ ಮಾತಿಲ್ಲ, ಗುನುಗೋದೂ ಇಲ್ಲ. ಕೋಪ ಬಂದಿದೆ ಅಂದ್ಕೊಂಡೆ. ಅವರ ಆಟವೂ ಕೆಟ್ಟಿತು, ಎರಡು ಸಲ ಚೆಂಡು ನೀರಿಗೆ ಹೋಯ್ತು. ಹೊಡೆತ ಬರೆಯೋ ಕಾರ್ಡಿಗೆ ಸಹಿ ಹಾಕಿ, ಕೈ ಕುಲುಕಿ, ಹೋಗಿಬಿಟ್ರು.

ಆಮೇಲೆ ಬೋರ್ಡಿನ ಕೆಳಗೆ ನಿಂತು ಕಾದದ್ದಿದೆಯಲ್ಲ, ಅದು ಶತ್ರುವಿಗೂ ಬೇಡ. ವಾಯುಪಡೆಯ ಅಡುಗೆಯವಳು ನನ್ನ ಕೈ ಹಿಡ್ಕೊಂಡು ನಿಂತಿದ್ಲು, ಬಿಡಿಸ್ಕೊಳ್ಳೋಕೆ ನೆನಪಾಗಲಿಲ್ಲ. ಕೊನೆಯ ಜೋಡಿ ಬಂತು. ಗೆರೆ ಎಳೆದ್ರು. ಗೆರೆಗಿಂತ ಮೇಲಿನವರಲ್ಲಿ, ಎಲ್ಲರಿಗಿಂತ ಕೊನೇಲಿ, ನನ್ನ ಹೆಸರು.

ಮನೆಗೆ ಫೋನ್ ಮಾಡಿದೆ. ಮಗಳು ಕಿವಿ ತೂತಾಗೋ ಹಾಗೆ ಕಿರುಚಿದ್ಲು. ಅತ್ತೆ ಫೋನ್ ತಗೊಂಡು "ಊಟ ಮಾಡಿದ್ಯಾ?" ಅಂದ್ರು. ಅಷ್ಟೆ!

ಮೇಡಂ ಹೆಸರು ಗೆರೆಯ ಕೆಳಗಿದೆ. ನನ್ನಿಂದಲೇ ಆಯ್ತು.

ಅದೇ ದಿನ, ಊಟ ಆದಮೇಲೆ

ಮೇಡಂ ಬ್ಯಾರಕ್ಕಿಗೆ ಬಂದಿದ್ರು. ಸಾರ್ಜೆಂಟ್‌ಗಳ ಬ್ಯಾರಕ್ಕಿಗೆ! ನಾವೆಲ್ಲ ದಡಬಡ ಎದ್ದು ನಿಂತ್ವಿ. ಕೂತ್ಕೊಳ್ಳಿ ಅಂತ ಹೇಳಿ, ನನ್ನ ಮಂಚದ ತುದೀಲಿ ತಾವೂ ಕೂತ್ರು.

"ನನ್ನ ಸರ್ವಿಸಿನಲ್ಲಿ ಇಷ್ಟು ವರ್ಷಕ್ಕೆ ಒಬ್ಬರೂ ನನಗೆ 'ನೀವು ಹೇಳಬಾರದಿತ್ತು' ಅಂದಿರಲಿಲ್ಲ. ಹದಿನಾಲ್ಕರಿಂದ ಹದಿನೆಂಟರವರೆಗೂ ಅದನ್ನೇ ಯೋಚನೆ ಮಾಡ್ತಿದ್ದೆ. ಅದಕ್ಕೇ ಎರಡು ಚೆಂಡು ನೀರಿಗೆ ಹೋದದ್ದು."

"ಕ್ಷಮಿಸಿ ಮೇಡಂ."

"ಯಾಕೆ? ನೀವು ಹೇಳದೆ ಹೊಡೆದಿದ್ರೆ ನಿಮ್ಮನ್ನ ಹೊರಗೆ ಹಾಕ್ತಿದ್ರು, ಹಾಕಿಸಿದವಳು ನಾನಾಗ್ತಿದ್ದೆ. ಅದನ್ನ ಹೊತ್ಕೊಂಡು ರಿಟೈರ್ ಆಗ್ಬೇಕಿತ್ತಾ?" ಆಮೇಲೆ ಸುಮ್ಮನೆ ಕಂಬಳಿ ಸರಿಮಾಡಿದ್ರು. "ನಾಳೆ ನಿಮ್ಮ ಬ್ಯಾಗ್ ಯಾರು ಹೊರ್ತಾರೆ?"

"ನಾನೇ ಮೇಡಂ."

"ಹದಿನಾಲ್ಕರ ಏರು ಆದಮೇಲೆ ನಿಮ್ಮ ಕಾಲು ಎಳೆಯುತ್ತೆ, ಎರಡು ದಿನ ನೋಡಿದ್ದೀನಿ. ನಾಳೆ ನಾನು ಬಿಡುವಾಗಿದ್ದೀನಿ. ನಾನು ಹೊರ್ತೀನಿ. ಇದು ಆರ್ಡರ್ ಅಲ್ಲ. ಬೇಡ ಅನ್ನಬಹುದು."

ಬೇಡ ಅನ್ನೋಕೆ ಬಾಯಿ ತೆರೆದೆ. "ಸರಿ ಮೇಡಂ" ಅಂತ ಬಂತು. ಸುಸ್ತಾಗಿತ್ತು, ಅದಕ್ಕಿರಬೇಕು.

ಭಾನುವಾರ, ಮಾರ್ಚ್ 9

ಮನೆಗೆ ಬಂದಿದ್ದೀನಿ. ಅತ್ತೆ ಆ ಕೋಣೇಲಿ ಪೆಟ್ಟಿಗೆ ತುಂಬ್ತಿದ್ದಾರೆ. ಮಗಳು ನಿದ್ದೆ ಹೋದ್ಲು.

ಮೊದಲು ಆಟದ್ದು ಮುಗಿಸಿಬಿಡ್ತೀನಿ: ಕೊನೆಯವಳಾಗಿ ಬಂದೆ. ಎಲ್ಲರಿಗಿಂತ ಕೊನೇಲಿ, ನನ್ನ ಮುಂದಿನವಳಿಗಿಂತ ಐದು ಹೊಡೆತ ಹೆಚ್ಚು. ಎರಡು ಚೆಂಡು ಕಳೆದೆ. ಒಂಬತ್ತನೇದರಲ್ಲಿ ಮೇಡಂ "ಉದ್ದದ ಕೋಲು ತಗೋ" ಅಂದ್ರು, "ಬೇಡ ಮೇಡಂ, ಏಳನೇ ನಂಬರಿನದ್ದು ಕೊಡಿ" ಅಂದೆ, ಹೊಡೆದೆ, ನೇರ ಮರಳಿಗೆ. ಅವರು ಹೇಳಿದ್ದೇ ಸರಿಯಿತ್ತು. "ನಾನು ಹೇಳಿದ್ದೆ" ಅಂದ್ರು. "ಹೇಳಿದ್ರಿ" ಅಂದೆ. ಇಬ್ಬರೂ ಎಷ್ಟು ನಕ್ವಿ ಅಂದ್ರೆ, ಜೊತೆಗಿದ್ದ ಆಟಗಾರ್ತಿ ದುರುಗುಟ್ಟಿ ನೋಡಿದ್ಲು. ಇಷ್ಟು ಕೆಟ್ಟದಾಗಿ ಆಡಿ ಇಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ.

ಬೆಳಗ್ಗೆ ಮನೆಯವರು ಬಂದಾಗ ಮೇಡಂ ಆಗಲೇ ನನ್ನ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಿಂತಿದ್ರು. ಹಳೆ ಟೋಪಿ, ಮಾಸಿದ ಸ್ವೆಟರ್. ಅತ್ತೆ ಅವರನ್ನ ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದ್ರು.

"ಏನೇ ಇದು? ನನ್ನ ವಾರಿಗೆಯ ಹೆಂಗಸಿನ ಕೈಲಿ ಮೂಟೆ ಹೊರಿಸ್ತೀಯಾ?"

ಮೇಡಂ ನನಗೆ ಕಣ್ಣು ಹೊಡೆದು, "ಪರವಾಗಿಲ್ಲಮ್ಮಾ, ನನಗೆ ಬೇರೆ ಕೆಲಸ ಇಲ್ಲ" ಅಂದ್ರು.

"ಎಷ್ಟು ಕೊಡ್ತೀನಿ ಅಂದಿದ್ದಾಳೆ?"

"ಇನ್ನೂ ಏನೂ ಮಾತಾಡಿಲ್ಲ."

"ಅಯ್ಯೋ, ಮೊದಲೇ ಮಾತಾಡ್ಕೋಬೇಕಿತ್ತು! ಇವಳು ಜುಗ್ಗಿ."

ಅಷ್ಟರಲ್ಲಿ ಒಬ್ಬ ಕ್ಯಾಪ್ಟನ್ ಆ ಕಡೆಯಿಂದ ಬಂದವನು ಮೇಡಂನ ಗುರುತು ಹಿಡಿದು, ಟೀ ಲೋಟ ಕೈಲಿರುವಾಗಲೇ ಅಟೆನ್ಷನ್‌ನಲ್ಲಿ ನಿಂತು, ಅರ್ಧ ಟೀ ಬೂಟಿಗೆ ಕುಡಿಸಿದ. ಇವರು ಕಣ್ಣರಳಿಸಿ ನನ್ನ ನೋಡಿದ್ರು. ತಲೆ ಆಡಿಸಿದೆ. ಅತ್ತೆಗೆ ಮಧ್ಯಾಹ್ನ ಮಗಳು ಹೇಳಿದ್ಲು, "ಅಜ್ಜೀ, ಅವರು ಬ್ರಿಗೇಡಿಯರ್!" ಅತ್ತೆ "ಹೌದಾ? ಚೆನ್ನಾಗಿ ಹೊತ್ಲು" ಅಂದ್ರಂತೆ.

ಅತ್ತೆ ಕುರ್ಚೀಲಿ ಕೂರಲಿಲ್ಲ. ಹಗ್ಗದ ಆಚೆ ನಮ್ಮ ಜೊತೆಗೇ ನಡೆದ್ರು, ಹದಿನೆಂಟೂ. ಮಂಡಿನೋವಿನ ಮುದುಕಿ, ಕೊಡೆ ಊರ್ಕೊಂಡು. ಇವರು ನೀರಿನ ಬಾಟಲಿ ಹಿಡ್ಕೊಂಡು ಹಿಂದೆ ಹಿಂದೆ. ನಾನು ಪ್ರತಿ ಹೊಡೆತಕ್ಕೂ ಮುಂಚೆ ಆ ಕಡೆ ನೋಡ್ತಿದ್ದೆ. ಅವರು ಒಂದು ಸಲಾನೂ ಚೆಂಡು ಹೋದ ಕಡೆ ನೋಡಲಿಲ್ಲ. ಎಲ್ಲರ ತಲೆ ಆಕಾಶಕ್ಕೆ ತಿರುಗಿದ್ರೆ ಅವರ ತಲೆ ನನ್ನ ಕಡೆಗೇ.

ಮುಗಿದ ಮೇಲೆ ಮೇಡಂಗೆ ಏನು ಹೇಳ್ಲಿ ಅಂತ ಗೊತ್ತಾಗಲಿಲ್ಲ. "ನಿಮ್ಮ ಉಪಕಾರ ಮರೆಯಲ್ಲ ಮೇಡಂ" ಅಂದೆ. ಅವರು ಬ್ಯಾಗ್ ಇಳಿಸಿ, ಹೆಗಲು ತಿಕ್ಕೊಂಡು, "ಬಹಳ ವರ್ಷದ ಮೇಲೆ ಒಬ್ಬರ ಕೆಲಸಕ್ಕೆ ಬಂದೆ. ಉಪಕಾರ ನಿನ್ನದು" ಅಂದ್ರು. ಇವರು ಮುಂದೆ ಬಂದು, ಮೇಡಂನ ಬೂಟಿನ ಹಿಮ್ಮಡಿ ಸವೆದಿದೆ ನೋಡಿ, ಕೊಟ್ಟು ಕಳಿಸಿದ್ರೆ ಸರಿಮಾಡಿ ಕೊಡ್ತೀನಿ ಅಂದ್ರು. ಇವರು ಥ್ಯಾಂಕ್ಸ್ ಹೇಳೋದು ಹೀಗೆ.

ಬಸ್ಸಿನಲ್ಲಿ ಅತ್ತೆ ಪಕ್ಕ ಕೂತೆ. ಒಪ್ಪಂದದ ಪ್ರಕಾರ ಗೆದ್ದಿದ್ದೀನಿ ಅಂತ ಎದೆ ಉಬ್ಬಿಸಿ ಕೇಳಿದೆ:

"ನೋಡಿದ್ರಲ್ಲ ಅತ್ತೆ? ಪೂರ್ತಿ ನಡೆದೆ. ಒಂದು ಸಲಾನೂ ಕುಂಟಲಿಲ್ಲ."

"ಕುಂಟಿದೆ" ಅಂದ್ರು. "ಆ ದೊಡ್ಡ ಏರು ಹತ್ತಿ ಆಚೆ ಇಳಿಯುವಾಗ ಚೆನ್ನಾಗೇ ಕುಂಟಿದೆ. ನನ್ನ ಕಣ್ಣಿಗೆ ಮಣ್ಣು ಹಾಕ್ತೀಯಾ?"

ನನ್ನ ಮುಖ ಇಷ್ಟಾಯ್ತು. ಎಲ್ಲ ಮಾಡಿ ಟಿಕೆಟ್ ಇಲ್ಲ ಅಂದ ಹಾಗಾಯ್ತು ಅಂದ್ಕೊಂಡೆ. ಅಲ್ಲಿ ನಾದಿನಿಗೆ ಏನು ಹೇಳೋದು?

"ನಾಳೆ ಬೆಳಗ್ಗೆಯ ರೈಲಿಗೆ ಟಿಕೆಟ್ ಮಾಡ್ಸು" ಅಂದ್ರು ಅತ್ತೆ.

"ಕುಂಟಿದೆ ಅಂದ್ರಲ್ಲ?"

"ಕುಂಟದೆ ಇನ್ನೇನು ಮಾಡ್ತೀಯಾ, ಮುರಿದ ಮೂಳೆ. ಅದಲ್ಲ. ಆ ಇಳಿಜಾರಲ್ಲಿ ಕಾಲು ಜಾರಿದಾಗ ನೀನು ಆ ಬ್ರಿಗೇಡಿಯರಮ್ಮನ ಕೈ ಹಿಡ್ಕೊಂಡೆಯಲ್ಲ. ಆಕೆ ಕೊಡಲಿಲ್ಲ, ನೀನೇ ಕೇಳಿ ಹಿಡ್ಕೊಂಡೆ. ಕೆಳಗೆ ಬರೋವರೆಗೂ ಬಿಡಲಿಲ್ಲ. ನಾನು ಕಾಯ್ತಿದ್ದದ್ದು ಅದಕ್ಕೇ ಕಣೇ. ನೀನು ಬೀಳ್ತೀಯಾ, ಅದು ನನಗೆ ಗೊತ್ತು, ಯಾರು ಬೀಳಲ್ಲ? ಬಿದ್ರೆ ಕರೀತೀಯಾ ಅಂತ ಗೊತ್ತಾಗಬೇಕಿತ್ತು."

ನಾನು ಕೈ ಹಿಡ್ಕೊಂಡಿದ್ನಾ? ಈಗಲೂ ಕೂತು ಯೋಚನೆ ಮಾಡ್ತಿದ್ದೀನಿ, ನೆನಪೇ ಇಲ್ಲ. ಆ ಇಳಿಜಾರಿನಲ್ಲಿ ಯಾವ ಕೋಲು ತಗೊಂಡೆ, ಗಾಳಿ ಯಾವ ಕಡೆಯಿಂದ ಇತ್ತು, ಎಲ್ಲ ನೆನಪಿದೆ. ಕೈ ಮಾತ್ರ ಇಲ್ಲ.

ಬಸ್ಸಿನಲ್ಲೇ ಅಳು ಬಂತು. ಸಣ್ಣದಾಗಿ ಅಲ್ಲ, ಮುಂದಿನ ಸೀಟಿನವರು ತಿರುಗಿ ನೋಡೋ ಹಾಗೆ. ಮೂರು ವಾರ ಅತ್ತೇನ ಕಳಿಸೋಕೆ ಅಂತ ಹಟ ಹಿಡಿದವಳು ಏನಂದೆ ಗೊತ್ತಾ? "ಹೋಗ್ಬೇಡಿ ಅತ್ತೆ. ಇನ್ನೊಂದು ವಾರ ಇರಿ."

ಅತ್ತೆ ನಕ್ಕು, ಒರಟು ಅಂಗೈಯಲ್ಲಿ ನನ್ನ ಮುಖ ಒರೆಸಿದ್ರು, ಹಾಸಿಗೇಲಿದ್ದಾಗ ಒರೆಸಿದ ಹಾಗೇ. "ಹುಚ್ಚಿ. ನೀನು ಎದ್ದೆ. ಅಲ್ಲೊಬ್ಬಳು ಮಲಗಿದ್ದಾಳೆ."

ಆಗ ಹೇಳಿದೆ. ಥ್ಯಾಂಕ್ಸ್ ಅಂತ ಅಲ್ಲ. "ನೀವು ಇಲ್ಲದಿದ್ರೆ ನಾನು ಇರ್ತಿರಲಿಲ್ಲ" ಅಂದೆ. ಈ ಸಲ ಉಪ್ಪಿನಕಾಯಿ ಮಾತು ಬರಲಿಲ್ಲ. ಕಿಟಕಿ ಕಡೆ ತಿರುಗಿದ್ರು. ಮನೆ ಬರೋವರೆಗೂ ನನ್ನ ಕೈ ಅವರ ಮಡಿಲಲ್ಲೇ ಇತ್ತು.

ಟಿಕೆಟ್ ಆಗಿದೆ. ಬೆಳಗಿನ ರೈಲು. ಇವರು ಸ್ಟೇಷನ್ನಿಗೆ ಬಿಡ್ತಾರೆ.

ಮೂರು ದಿನದ ನಡಿಗೆ ಈಗ ಲೆಕ್ಕ ಕೇಳ್ತಿದೆ. ಸೊಂಟ ಬಿಗಿದುಕೊಂಡಿದೆ, ಈ ಕುರ್ಚಿಯಿಂದ ಏಳೋಕೇ ಆಗ್ತಿಲ್ಲ. ಬರೆದದ್ದು ಸಾಕು. ಅತ್ತೇನ ಕರೀತೀನಿ.